ಹಾಸನದಿಂದ ಶ್ರೀಹರಿಕೋಟಾಗೆ: ರಾಕೆಟ್ ನೋಡಲು ಹೊರಡುವವರು ಕಾಯುವುದಕ್ಕೂ ತಯಾರಾಗಿ

ಇಸ್ರೋದವರು ಒಂದು ಉಡಾವಣೆಯ ದಿನ ಹೇಳಿದರೆ ಸಾಕು, ನಮ್ಮ ಹಾಸನದಲ್ಲಿ ಒಂದೇ ಪ್ರಶ್ನೆ ಹತ್ತು ಬಾಯಿಂದ ಬರುತ್ತದೆ. "ಮಕ್ಕಳನ್ನು ಕರ್ಕೊಂಡು ಶ್ರೀಹರಿಕೋಟಾಗೆ ಹೋಗೋಣ ಅಂತಿದ್ದೀವಿ. ಅಷ್ಟು ದೂರ ಹೋದ ಮೇಲೆ ಮುಂದಕ್ಕೆ ಹಾಕಿಬಿಟ್ರೆ ಏನ್ಮಾಡೋದು?" ಬೇಲೂರು, ಸಕಲೇಶಪುರ, ಚಿಕ್ಕಮಗಳೂರಿನವರೂ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮುಂದಕ್ಕೆ ಹಾಕುವುದು ಖಂಡಿತ ಉಂಟು. ಕೆಲವು ಸಲ ಎರಡು ನಿಮಿಷ, ಕೆಲವು ಸಲ ಒಂದು ವಾರ, ಒಮ್ಮೊಮ್ಮೆ ನಾಲ್ಕೂವರೆ ತಿಂಗಳು. ಹಾಗಾಗಿ ರಜೆ, ದುಡ್ಡು, ಟಿಕೆಟ್, ಬುತ್ತಿ ಎಲ್ಲವನ್ನೂ ಕಾಯುವ ಲೆಕ್ಕದಲ್ಲೇ ಜೋಡಿಸಿಕೊಳ್ಳಿ. ಕಾಫಿ ಸೀಮೆಯವರಿಗೆ ಇದು ಹೊಸದೇನಲ್ಲ. ಹೂಮಳೆ ಯಾವ ತಿಂಗಳಲ್ಲಿ ಬರಬೇಕು ಅಂತ ಗೊತ್ತು, ಯಾವ ದಿನ ಅಂತ ಗೊತ್ತಿಲ್ಲ. ಸ್ಪ್ರಿಂಕ್ಲರ್ ಪೈಪು ಜೋಡಿಸಿಟ್ಟು ಆಕಾಶ ನೋಡುತ್ತೇವೆ. ಉಡಾವಣೆಯ ದಿನಾಂಕವನ್ನೂ ಹಾಗೇ ನೋಡಿ. ಅದು ಮದುವೆ ಮುಹೂರ್ತ ಅಲ್ಲ.

ಶುರು ಮಾಡುವ ಮುಂಚೆ ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಸಾಲಗಾಮೆ ರಸ್ತೆಯ ಎಂಸಿಎಫ್‌ನಿಂದ ರಾಕೆಟ್ ಹಾರುವುದಿಲ್ಲ. ಅದು 1982ರಲ್ಲಿ ಶುರುವಾದ ಉಪಗ್ರಹ ನಿಯಂತ್ರಣ ಕೇಂದ್ರ. ಇನ್‌ಸ್ಯಾಟ್, ಜಿಸ್ಯಾಟ್‌ನಂಥ ಉಪಗ್ರಹಗಳನ್ನು ರಾಕೆಟ್ ಮೇಲೆ ಬಿಟ್ಟ ನಂತರ ಅವುಗಳನ್ನು ನೋಡಿಕೊಳ್ಳುವುದು ಇಲ್ಲಿಂದ. ರಾಕೆಟ್ ಏಳುವುದು ಆಂಧ್ರದ ಶ್ರೀಹರಿಕೋಟಾದಲ್ಲಿ. ಒಂದು ಕಡೆ ಪುಲಿಕಾಟ್ ಸರೋವರ, ಇನ್ನೊಂದು ಕಡೆ ಬಂಗಾಳ ಕೊಲ್ಲಿ, ನಡುವೆ ಈ ದ್ವೀಪ. ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ ಇರುವುದು ಅಲ್ಲೇ.

1. ಯಾಕೆ ಮುಂದಕ್ಕೆ ಹೋಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ

ಇದನ್ನು ಬಿಟ್ಟು ನೇರವಾಗಿ ಟಿಕೆಟ್ ಬುಕ್ ಮಾಡಲು ಹೋಗಬೇಡಿ. ಯಾಕೆ ನಿಂತಿತು ಅಂತ ಗೊತ್ತಾದರೆ ಎಷ್ಟು ಹೊತ್ತು ಕಾಯಬೇಕು ಅನ್ನುವುದೂ ಅಂದಾಜಾಗುತ್ತದೆ.

ಮೊದಲನೆಯದು, ದಾರಿ ಖಾಲಿ ಇಲ್ಲದಿರುವುದು. ಮೇಲೆ ಸುತ್ತುತ್ತಿರುವ ಬೇರೆ ಉಪಗ್ರಹಗಳು, ಹಳೆಯ ಚೂರುಗಳು ರಾಕೆಟ್‌ಗೆ ತೀರಾ ಹತ್ತಿರ ಬರುವಂತಿದ್ದರೆ ಸಮಯವನ್ನು ಸ್ವಲ್ಪ ಸರಿಸುತ್ತಾರೆ. 2024ರ ಡಿಸೆಂಬರ್ 30ರಂದು ಸ್ಪೇಡೆಕ್ಸ್ ಉಪಗ್ರಹಗಳನ್ನು ಹೊತ್ತ ಪಿಎಸ್‌ಎಲ್‌ವಿ ರಾಕೆಟ್ ರಾತ್ರಿ 9:58ಕ್ಕೆ ಏಳಬೇಕಿತ್ತು, 10 ಗಂಟೆಗೆ ಎದ್ದಿತು. ಇಂಥದ್ದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಕೂತಲ್ಲೇ ಕೂತಿರಿ.

ಎರಡನೆಯದು ಹವಾಮಾನ. ಇದರಲ್ಲಿ ನಮ್ಮವರು ಒಂದು ತಪ್ಪು ಮಾಡುತ್ತಾರೆ. ಮಳೆ ಬಂತು ಅಂದರೆ ಉಡಾವಣೆ ಇಲ್ಲ ಅಂದುಕೊಳ್ಳುತ್ತಾರೆ. ಬರೀ ಮಳೆಗೆ ರಾಕೆಟ್ ನಿಲ್ಲುವುದು ಕಡಿಮೆ. ನಿಲ್ಲಿಸುವುದು ಸಿಡಿಲು ಮತ್ತು ಗಾಳಿ. ರಾಕೆಟ್ಟಿನ ಹಿಂದೆ ಬರುವ ಬಿಸಿ ಹೊಗೆಯಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಹಾಗಾಗಿ ಮಿಂಚಿಲ್ಲದ ಮೋಡದಲ್ಲೂ ರಾಕೆಟ್ಟೇ ಸಿಡಿಲನ್ನು ಎಳೆದುಕೊಳ್ಳಬಹುದು. 1969ರ ನವೆಂಬರ್ 14ರಂದು ಅಮೆರಿಕದ ಅಪೊಲೊ 12 ಎದ್ದ ಒಂದು ನಿಮಿಷದೊಳಗೆ ಎರಡು ಸಲ ಸಿಡಿಲು ಬಡಿಯಿತು. ಪುಣ್ಯಕ್ಕೆ ಗಗನಯಾತ್ರಿಗಳು ಪಾರಾದರು. 1987ರ ಮಾರ್ಚ್‌ನಲ್ಲಿ ಅಲ್ಲಿಯದೇ ಒಂದು ಅಟ್ಲಾಸ್ ರಾಕೆಟ್ ಸಿಡಿಲಿನಿಂದ ನಾಶವಾಯಿತು. ಇನ್ನು ಗಾಳಿ. ನೆಲದ ಮೇಲೆ ಎಲೆಯೂ ಅಲುಗದಿದ್ದರೂ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಗಾಳಿ ರಭಸವಾಗಿ ಬೀಸುತ್ತಿರಬಹುದು. ಅದನ್ನು ಅಳೆಯಲು ಬಲೂನು ಹಾರಿಸುತ್ತಾರೆ. ನಮಗೆ ಆಕಾಶ ತಿಳಿಯಾಗಿ ಕಂಡರೂ ಅವರು "ಬೇಡ" ಅನ್ನುವುದು ಇದಕ್ಕೇ.

ಕೆಟ್ಟ ಹವಾಮಾನ ಶ್ರೀಹರಿಕೋಟಾದಲ್ಲೇ ಇರಬೇಕು ಅಂತಲೂ ಇಲ್ಲ. 2013ರಲ್ಲಿ ಮಂಗಳಯಾನ ಅಕ್ಟೋಬರ್ 28ಕ್ಕೆ ಹೊರಡಬೇಕಿತ್ತು. ರಾಕೆಟ್ಟಿನ ಸಂಕೇತ ಹಿಡಿಯಲು ಪೆಸಿಫಿಕ್ ಸಾಗರಕ್ಕೆ ಕಳಿಸಿದ್ದ ಹಡಗು ಅಲ್ಲಿಯ ಹವಾಮಾನದಿಂದ ತಡವಾಗಿ ಫಿಜಿ ಕಡೆ ತಲುಪಿತು. ಉಡಾವಣೆ ನವೆಂಬರ್ 5ಕ್ಕೆ ಹೋಯಿತು.

ಮೂರನೆಯದು, ರಾಕೆಟ್ಟಿನಲ್ಲೋ ಉಪಗ್ರಹದಲ್ಲೋ ತೊಂದರೆ. ಇದಕ್ಕೆ ಮಾತ್ರ ಲೆಕ್ಕ ಹಾಕಲಾಗುವುದಿಲ್ಲ. 2024ರ ಡಿಸೆಂಬರ್ 4ರಂದು ಯುರೋಪಿನ ಪ್ರೋಬಾ-3 ಉಪಗ್ರಹದಲ್ಲಿ ದೋಷ ಕಂಡಿತು, ಮರುದಿನವೇ ಹಾರಿತು. ಚಂದ್ರಯಾನ-2ಕ್ಕೆ ಒಂದು ವಾರ ಬೇಕಾಯಿತು. 2013ರ ಆಗಸ್ಟ್ 19ರಂದು ಇಂಧನ ಸೋರಿಕೆಯಿಂದ ನಿಂತ ಜಿಎಸ್‌ಎಲ್‌ವಿ-ಡಿ5 ರಾಕೆಟ್ ಎದ್ದದ್ದು 2014ರ ಜನವರಿ 5ಕ್ಕೆ.

ಇಷ್ಟು ಎಚ್ಚರ ಯಾಕೆ ಅಂದರೆ, ಘನ ಇಂಧನ ಒಮ್ಮೆ ಹೊತ್ತಿತು ಅಂದರೆ ಆರಿಸುವುದಕ್ಕೆ ಆಗುವುದಿಲ್ಲ. ಘನ ಇಂಧನ ಅಂದರೆ ರಬ್ಬರಿನಂತೆ ಗಟ್ಟಿಯಾಗಿ ತುಂಬಿಟ್ಟ ಇಂಧನ. ದ್ರವ ಇಂಧನದ ಎಂಜಿನ್ನನ್ನಾದರೆ ನಿಲ್ಲಿಸಬಹುದು. 2001ರ ಮಾರ್ಚ್ 28ರಂದು ಮೊದಲ ಜಿಎಸ್‌ಎಲ್‌ವಿಯ ಪಕ್ಕದ ದ್ರವ ಇಂಧನದ ಎಂಜಿನ್‌ಗಳು ಹೊತ್ತಿದ್ದವು. ಅದರಲ್ಲಿ ಒಂದು ರಾಕೆಟ್ಟನ್ನು ಮೇಲೆ ತಳ್ಳುವಷ್ಟು ಬಲ ಕೊಡಲಿಲ್ಲ. ಕಂಪ್ಯೂಟರ್ ಕೊನೆಯ ಕ್ಷಣದಲ್ಲಿ ಎಲ್ಲವನ್ನೂ ಆರಿಸಿತು. ಅದೇ ರಾಕೆಟ್ಟು ಏಪ್ರಿಲ್ 18ಕ್ಕೆ ಹಾರಿತು. ಅವತ್ತು ಬೆಂಕಿ ನೋಡಿಯೂ ರಾಕೆಟ್ ನೋಡದೆ ವಾಪಸ್ ಬಂದವರಿದ್ದಾರೆ. ಆದರೆ ರಾಕೆಟ್ ಉಳಿಯಿತು.

2. ಯಾವ ಕಾಲದಲ್ಲಿ ಹೋಗಬೇಕು ಅಂತ ನೋಡಿ

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಜನವರಿಯಿಂದ ಮಾರ್ಚ್‌ವರೆಗಿನ ಉಡಾವಣೆ ಆರಿಸಿಕೊಳ್ಳಿ. ಆಕಾಶ ತಿಳಿಯಾಗಿರುವ ಸಾಧ್ಯತೆ ಜಾಸ್ತಿ, ಸೆಕೆ ಕಡಿಮೆ. ಏಪ್ರಿಲ್‌ನಿಂದ ಜೂನ್‌ವರೆಗೆ ಬಿಸಿಲು ಸುಡುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಗಲೂ ರಾತ್ರಿ ಜಡಿ ಹಿಡಿದಿದ್ದರೆ ಅಲ್ಲಿ ಹಗಲೆಲ್ಲ ಬಿಸಿಲು, ಸಂಜೆ ಗುಡುಗು.

ಅಕ್ಟೋಬರ್‌ನಿಂದ ಡಿಸೆಂಬರ್ ಕಷ್ಟದ ಕಾಲ. ಆಗ ಹಿಂಗಾರು ಮಳೆ ಸುರಿಯುವುದು ಆ ಕರಾವಳಿಗೇ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಚೆನ್ನೈ ಕಡೆ ಸೈಕ್ಲೋನ್ ಅಂದ ಕೂಡಲೇ ನಾವು ಕಣದಲ್ಲಿ ಹರಡಿದ ಕಾಫಿಗೆ ಟಾರ್ಪಾಲು ಹುಡುಕುತ್ತೇವೆ ಅಲ್ವಾ? ಅದೇ ಸುದ್ದಿ ರಾಕೆಟ್ಟಿಗೂ ಲೆಕ್ಕ. ಕಣಕ್ಕೆ ಟಾರ್ಪಾಲು ಹೊದಿಸುವ ದಿನ ಬಂತು ಅಂದರೆ ಪ್ರವಾಸದ ಬಗ್ಗೆ ಇನ್ನೊಮ್ಮೆ ಯೋಚನೆ ಮಾಡಿ. ಹಾಗಂತ ಈ ತಿಂಗಳುಗಳಲ್ಲಿ ಉಡಾವಣೆಯೇ ಇಲ್ಲ ಅಂತಲ್ಲ. ಮಂಗಳಯಾನ ಹೋದದ್ದು ನವೆಂಬರ್‌ನಲ್ಲೇ.

3. ಗ್ಯಾಲರಿಯ ಪಾಸ್ ಮಾಡಿಸಿ

ಸಾರ್ವಜನಿಕರಿಗಾಗಿ ಇಸ್ರೋ ಅಲ್ಲೊಂದು ಲಾಂಚ್ ವ್ಯೂ ಗ್ಯಾಲರಿ ಕಟ್ಟಿದೆ. ಕ್ರಿಕೆಟ್ ಸ್ಟೇಡಿಯಂನಂತೆ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ, ದೊಡ್ಡ ಪರದೆ, ವಿವರಣೆ ಎಲ್ಲ ಇದೆ. 2019ರ ಏಪ್ರಿಲ್ 1ರ ಪಿಎಸ್‌ಎಲ್‌ವಿ-ಸಿ45 ಉಡಾವಣೆಯನ್ನು ಜನ ಮೊದಲ ಬಾರಿಗೆ ಅಲ್ಲಿ ಕೂತು ನೋಡಿದರು. ಆಗ 5,000 ಜನರಿಗೆ ಜಾಗವಿತ್ತು.

ಪಾಸ್‌ಗೆ ದುಡ್ಡಿಲ್ಲ, ಆದರೆ ಮೊದಲೇ ನೋಂದಣಿ ಆಗಬೇಕು. ಉಡಾವಣೆಗೆ ಕೆಲವು ದಿನ ಮುಂಚೆ ಯಾವತ್ತು, ಎಷ್ಟು ಗಂಟೆಗೆ ನೋಂದಣಿ ಶುರು ಅಂತ ಇಸ್ರೋ ತನ್ನ ವೆಬ್‌ಸೈಟ್‌ನಲ್ಲಿ ಹೇಳುತ್ತದೆ. ದೊಡ್ಡ ಉಡಾವಣೆಯಾದರೆ ನೋಡನೋಡುತ್ತಲೇ ಜಾಗ ತುಂಬುತ್ತದೆ. ಹಾಗಾಗಿ ಹೀಗೆ ಮಾಡಿ:

ಮನೆಯವರೆಲ್ಲರ ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆಧಾರ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಇರಲಿ. ಇನಿಷಿಯಲ್ ಹಿಂದೆಮುಂದೆ ಆಗಿ ಗೇಟಿನಲ್ಲಿ ತೊಂದರೆ ಆಗುವುದು ಬೇಡ. ತೋಟದ ಮನೆಯಲ್ಲಿ ನೆಟ್‌ವರ್ಕ್ ಸರಿಯಿಲ್ಲದಿದ್ದರೆ ಅವತ್ತು ಪೇಟೆಗೆ ಬನ್ನಿ. ಪಾಸ್ ಸಿಕ್ಕ ಮೇಲೆ ಎರಡು ಪ್ರತಿ ಪ್ರಿಂಟ್ ತೆಗೆಸಿ, ಅದರ ಮೇಲೆ ಬರೆದಿರುವ ನಿಯಮಗಳನ್ನು ಪೂರ್ತಿ ಓದಿ. ಏನು ತರಬಹುದು, ಎಷ್ಟು ಹೊತ್ತಿಗೆ ಗೇಟು ಮುಚ್ಚುತ್ತದೆ ಅನ್ನುವುದು ಅದರಲ್ಲೇ ಇರುತ್ತದೆ.

ದುಡ್ಡು ಕೊಟ್ಟರೆ ಪಾಸ್ ಕೊಡಿಸುತ್ತೇವೆ ಅನ್ನುವವರನ್ನು ನಂಬಬೇಡಿ. ಮತ್ತೆ, ಉಡಾವಣೆ ಬೇರೆ ದಿನಕ್ಕೆ ಹೋದರೆ ಹಳೆಯ ಪಾಸೇ ನಡೆಯುತ್ತದೆ ಅಂತ ಸುಮ್ನೆ ಕೂರಬೇಡಿ. ಹೊಸ ಪ್ರಕಟಣೆ ನೋಡಿ, ಮತ್ತೆ ನೋಂದಣಿ ಅಂದರೆ ಕೂಡಲೇ ಮಾಡಿಸಿ.

ಪಾಸ್ ಸಿಗದಿದ್ದರೆ ಪುಲಿಕಾಟ್ ಸರೋವರದ ದಡದಿಂದ ನೋಡುವವರೂ ಇದ್ದಾರೆ. ಉಡಾವಣೆಯ ದಿನ ದ್ವೀಪದ ಕಡೆಯ ರಸ್ತೆಯಲ್ಲಿ ಪೊಲೀಸರು ತಡೆಯುತ್ತಾರೆ. ಅವರು ನಿಲ್ಲಿಸಿದ ಕಡೆ ನಿಲ್ಲಿ. ದೋಣಿಯಲ್ಲಿ ಹೋಗಿ ಹತ್ತಿರದಿಂದ ನೋಡೋಣ ಅನ್ನುವ ಯೋಚನೆ ಬೇಡವೇ ಬೇಡ. ಆ ಹೊತ್ತಿಗೆ ಸಮುದ್ರದಲ್ಲಿ ಮೀನುಗಾರರಿಗೂ ನಿಷೇಧ ಇರುತ್ತದೆ.

4. ಪ್ರಯಾಣ: ಹೋಗುವ ಟಿಕೆಟ್ ಗಟ್ಟಿ, ಬರುವ ಟಿಕೆಟ್ ಸಡಿಲ

ಶ್ರೀಹರಿಕೋಟಾಗೆ ಹತ್ತಿರದ ರೈಲು ನಿಲ್ದಾಣ ಸೂಳೂರುಪೇಟೆ. ಅಲ್ಲಿಂದ ಸರೋವರದ ಮೇಲಿನ ರಸ್ತೆಯಲ್ಲಿ ಸುಮಾರು 18 ಕಿಲೋಮೀಟರ್.

ರೈಲಿನಲ್ಲಾದರೆ ಹಾಸನದಿಂದ ಬೆಂಗಳೂರು, ಅಲ್ಲಿಂದ ಚೆನ್ನೈ, ಚೆನ್ನೈನಿಂದ ಸೂಳೂರುಪೇಟೆ. ಈ ಕೊನೆಯ 80 ಕಿಲೋಮೀಟರ್ ಚಿಲ್ಲರೆಗೆ ಲೋಕಲ್ ರೈಲೇ ಇದೆ. ಚೆನ್ನೈ ಸೆಂಟ್ರಲ್ ಪಕ್ಕದಲ್ಲೇ ಇರುವ ಮೂರ್ ಮಾರ್ಕೆಟ್ ನಿಲ್ದಾಣದಿಂದ ಹೊರಡುತ್ತದೆ. ಎಲ್ಲ ಲೋಕಲ್‌ಗಳೂ ಸೂಳೂರುಪೇಟೆವರೆಗೆ ಹೋಗುವುದಿಲ್ಲ. ಗುಮ್ಮಿಡಿಪೂಂಡಿಯಲ್ಲೇ ನಿಲ್ಲುವವೂ ಇವೆ, ಬೋರ್ಡ್ ನೋಡಿ ಹತ್ತಿ.

ಕಾರಿನಲ್ಲಾದರೆ ಬೆಂಗಳೂರು, ಕೋಲಾರ, ಚಿತ್ತೂರು, ತಿರುಪತಿ, ಶ್ರೀಕಾಳಹಸ್ತಿ, ನಾಯ್ಡುಪೇಟೆ ದಾಟಿ ಸೂಳೂರುಪೇಟೆ. ಹಾಸನದಿಂದ 500 ಕಿಲೋಮೀಟರಿಗೂ ಜಾಸ್ತಿ. ಒಬ್ಬರೇ ಡ್ರೈವ್ ಮಾಡುವುದಾದರೆ ತಿರುಪತಿಯಲ್ಲಿ ಒಂದು ರಾತ್ರಿ ತಂಗಿ. ಚಿಕ್ಕಮಗಳೂರು, ಅರಸೀಕೆರೆ ಕಡೆಯವರಿಗೆ 2025ರ ಜುಲೈನಲ್ಲಿ ಶುರುವಾದ ಚಿಕ್ಕಮಗಳೂರು–ತಿರುಪತಿ ವಾರದ ರೈಲು ಇದೆ. ದಿನ ಹೊಂದಿಕೊಂಡರೆ ಅದು ಒಳ್ಳೆಯ ದಾರಿ.

ಈಗ ಮುಖ್ಯವಾದ ಮಾತು. ಉಡಾವಣೆ ದಿನದ ನಂತರ ಕನಿಷ್ಠ ಎರಡು ದಿನ ರಜೆ ಕೈಯಲ್ಲಿರಲಿ. ವಾಪಸ್ ಟಿಕೆಟ್ ಮಾಡಿಸುವುದಾದರೆ ಮೂರನೆಯ ದಿನಕ್ಕೆ ಮಾಡಿಸಿ. ಬೇಗ ಹಾರಿದರೆ ಅದನ್ನು ರದ್ದು ಮಾಡಿ ಬಸ್ಸಿನಲ್ಲಿ ಬನ್ನಿ. ಎಷ್ಟು ಮುಂಚೆ ರದ್ದು ಮಾಡುತ್ತೀರೋ ಅಷ್ಟು ಕಡಿಮೆ ಕಡಿತ. ನಾನು 2019ರಲ್ಲಿ ಮಾಡಿದ ತಪ್ಪು ಇದೇ. ಉಡಾವಣೆ ಮುಗಿದ ಬೆಳಿಗ್ಗೆಗೇ ರೈಲು, ಮರುದಿನ ಕೆಲಸಕ್ಕೆ ಹಾಜರಾಗಬೇಕು ಅಂತ ಲೆಕ್ಕ ಹಾಕಿದ್ದೆ. ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಸೂಳೂರುಪೇಟೆ ಸಣ್ಣ ಊರು. ಲಾಡ್ಜುಗಳು ಬೇಗ ತುಂಬುತ್ತವೆ. ಸಿಗದಿದ್ದರೆ ನಾಯ್ಡುಪೇಟೆ, ಗೂಡೂರು, ಶ್ರೀಕಾಳಹಸ್ತಿಯಲ್ಲಿ ವಿಚಾರಿಸಿ. ರೂಮು ಹಿಡಿಯುವಾಗಲೇ ಕೇಳಿ: "ಉಡಾವಣೆ ಮುಂದಕ್ಕೆ ಹೋದರೆ ಇನ್ನೊಂದು ದಿನ ಇರಬಹುದಾ? ಬಾಡಿಗೆ ಅಷ್ಟೇನಾ?" ಮುಂದಕ್ಕೆ ಹೋದ ಮೇಲೆ ಕೇಳಿದರೆ ಬೇರೆ ರೇಟು ಹೇಳಬಹುದು.

5. ಚೀಲದಲ್ಲಿ ಏನಿರಬೇಕು

ಪಾಸ್, ಎಲ್ಲರ ಗುರುತಿನ ಚೀಟಿ, ಪವರ್ ಬ್ಯಾಂಕ್, ಟೋಪಿ, ನೀರು, ಓಆರ್‌ಎಸ್ ಪುಡಿ. ಮಲೆನಾಡಿನ ತಂಪಿನಿಂದ ಹೋದವರಿಗೆ ಅಲ್ಲಿಯ ಜಿಗುಟು ಸೆಕೆಯಲ್ಲಿ ಎರಡು ಗಂಟೆಯಲ್ಲೇ ತಲೆ ಸುತ್ತುತ್ತದೆ. ವಯಸ್ಸಾದವರ ಮಾತ್ರೆಗಳನ್ನು ನಾಲ್ಕು ದಿನ ಜಾಸ್ತಿಗೆ ಇಟ್ಟುಕೊಳ್ಳಿ. ಛತ್ರಿ ಬೇಡ, ರೇನ್‌ಕೋಟ್ ತನ್ನಿ. ಗ್ಯಾಲರಿಯಲ್ಲಿ ಒಂದು ಛತ್ರಿ ಬಿಚ್ಚಿದರೆ ಹಿಂದೆ ಕೂತ ನಾಲ್ಕು ಜನಕ್ಕೆ ಏನೂ ಕಾಣುವುದಿಲ್ಲ.

ಬುತ್ತಿ ಕಟ್ಟುವವರಿಗೆ ಒಂದು ಮಾತು. ಕಾಯಿ ಚಟ್ನಿ ಆ ಸೆಕೆಗೆ ಮಧ್ಯಾಹ್ನದೊಳಗೆ ಹುಳಿ ಬರುತ್ತದೆ. ಅಕ್ಕಿ ರೊಟ್ಟಿ ಜೊತೆ ಚಟ್ನಿಪುಡಿ ಇರಲಿ. ನಿಪ್ಪಟ್ಟು, ಕೋಡುಬಳೆ, ಅವಲಕ್ಕಿ ಎರಡು ಮೂರು ದಿನ ತಡೆಯುತ್ತವೆ.

6. ಹವಾಮಾನವನ್ನು ನೀವೇ ನೋಡಿಕೊಳ್ಳಿ

ವಾಟ್ಸಾಪ್‌ನಲ್ಲಿ ಬರುವ "ಉಡಾವಣೆ ರದ್ದಂತೆ" ಅನ್ನುವ ಸಂದೇಶ ನೋಡಿ ತೀರ್ಮಾನ ಮಾಡಬೇಡಿ. ಮೂರು ಕಡೆ ನೋಡಿದರೆ ಸಾಕು.

ಹೊರಡುವ ಐದು ದಿನ ಮುಂಚಿನಿಂದ ಭಾರತೀಯ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಬಂಗಾಳ ಕೊಲ್ಲಿಯಲ್ಲಿ ಏನಾದರೂ ಎದ್ದಿದೆಯಾ, ಉತ್ತರ ತಮಿಳುನಾಡು ಮತ್ತು ದಕ್ಷಿಣ ಆಂಧ್ರ ಕರಾವಳಿಗೆ ಯಾವ ಬಣ್ಣದ ಎಚ್ಚರಿಕೆ ಇದೆ, ಇಷ್ಟು ಗಮನಿಸಿ. ಹಳದಿ ಅಂದರೆ ಕಣ್ಣಿಟ್ಟಿರಿ, ಕಿತ್ತಳೆ ಅಂದರೆ ತಯಾರಾಗಿರಿ, ಕೆಂಪು ಅಂದರೆ ಮನೆಯಲ್ಲೇ ಇರಿ.

ಹಿಂದಿನ ದಿನದಿಂದ ಡಾಪ್ಲರ್ ರೇಡಾರ್ ನೋಡಿ. ಮಳೆ ಮೋಡ ಈಗ ಎಲ್ಲಿದೆ, ಯಾವ ಕಡೆ ಸರಿಯುತ್ತಿದೆ ಅಂತ ತೋರಿಸುವ ಚಿತ್ರ ಅದು. ಶ್ರೀಹರಿಕೋಟಾದ ರೇಡಾರಿನ ಚಿತ್ರವೇ ಇಲಾಖೆಯ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಒಂದೇ ಚಿತ್ರ ನೋಡಿ ಬಿಡಬೇಡಿ. ಅರ್ಧ ಗಂಟೆ ಬಿಟ್ಟು ಇನ್ನೊಂದು ನೋಡಿದರೆ ಮೋಡ ಬರುತ್ತಿದೆಯೋ ಹೋಗುತ್ತಿದೆಯೋ ಗೊತ್ತಾಗುತ್ತದೆ.

ಅಲ್ಲಿದ್ದಾಗ ಮೊಬೈಲಿನಲ್ಲಿ ದಾಮಿನಿ ಆ್ಯಪ್ ಇರಲಿ. ಹತ್ತಿರದಲ್ಲಿ ಸಿಡಿಲಿನ ಅಪಾಯ ಇದ್ದರೆ ತಿಳಿಸುತ್ತದೆ. ಅದಿಲ್ಲದಿದ್ದರೆ ಎಣಿಸಿ. ಮಿಂಚು ಕಂಡು 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಬಯಲಿನಲ್ಲಿ ನಿಲ್ಲಬೇಡಿ, ಕಟ್ಟಡದೊಳಗೋ ಕಾರಿನೊಳಗೋ ಹೋಗಿ. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಗೆ ಬರಬೇಡಿ. ಪುಲಿಕಾಟ್ ರಸ್ತೆಯ ಎರಡೂ ಕಡೆ ಬರೀ ಬಯಲು, ನೀರು. ಅಲ್ಲಿ ಎತ್ತರಕ್ಕೆ ನಿಂತಿರುವುದು ನೀವೇ ಆಗಿರುತ್ತೀರಿ. ಪಾಸ್ ಇಲ್ಲದೆ ದಡದಲ್ಲಿ ನಿಲ್ಲುವವರು ಇದನ್ನು ಮರೆಯಬೇಡಿ.

7. ಮೈಕಿನಲ್ಲಿ ಏನು ಹೇಳುತ್ತಿದ್ದಾರೆ ಅಂತ ತಿಳಿಯಲು

ಕೌಂಟ್‌ಡೌನ್: ಉಡಾವಣೆಗೆ ಸುಮಾರು ಒಂದು ದಿನ ಮುಂಚೆ ಶುರುವಾಗುವ ಹಿಂದೆಣಿಕೆ. ಇಂಧನ ತುಂಬುವುದು, ಪರೀಕ್ಷೆಗಳು ಎಲ್ಲ ಈ ಹೊತ್ತಿನಲ್ಲಿ ನಡೆಯುತ್ತವೆ. ಕೌಂಟ್‌ಡೌನ್ ಶುರುವಾಯಿತು ಅಂದರೆ ಹಾರುವುದು ಖಾತ್ರಿ ಅಂತಲ್ಲ.

ಟಿ ಮೈನಸ್: ಏಳಲು ಇನ್ನೆಷ್ಟು ಹೊತ್ತಿದೆ ಅನ್ನುವ ಲೆಕ್ಕ. ಟಿ ಮೈನಸ್ ಹತ್ತು ನಿಮಿಷ ಅಂದರೆ ಇನ್ನು ಹತ್ತು ನಿಮಿಷ ಬಾಕಿ.

ಹೋಲ್ಡ್: ಎಣಿಕೆ ನಿಲ್ಲಿಸಿದ್ದಾರೆ. ಮತ್ತೆ ಶುರುವಾಗಲೂಬಹುದು.

ಸ್ಕ್ರಬ್: ಇವತ್ತಿಗೆ ಇಲ್ಲ. ಬೇರೆ ದಿನ.

ಲಾಂಚ್ ವಿಂಡೋ: ಯಾವ ಹೊತ್ತಿನಿಂದ ಯಾವ ಹೊತ್ತಿನೊಳಗೆ ಹಾರಿದರೆ ಗುರಿ ಮುಟ್ಟಬಹುದು ಅನ್ನುವ ಅವಧಿ. ನಾನು ಎಲ್ಲರಿಗೂ ಮೊದಲು ವಿಚಾರಿಸಿ ಅನ್ನುವುದು ಇದನ್ನೇ. ಕೆಲವು ಉಡಾವಣೆಗೆ ಇದು ಗಂಟೆಗಟ್ಟಲೆ ಇರುತ್ತದೆ, ಕೆಲವಕ್ಕೆ ಒಂದೆರಡು ನಿಮಿಷ. ಮೇಲೆ ಸುತ್ತುತ್ತಿರುವ ಯಾವುದಾದರೂ ಉಪಗ್ರಹವನ್ನು ಕರಾರುವಾಕ್ಕಾಗಿ ಸೇರಬೇಕಾದರೆ ಅವಧಿ ಚಿಕ್ಕದು. ಅಂಥ ದಿನ ಹೋಲ್ಡ್ ಆದರೆ ಬಹುತೇಕ ಸ್ಕ್ರಬ್ಬೇ. ಮಂಗಳಯಾನಕ್ಕಂತೂ 2013ರ ನವೆಂಬರ್ 19 ದಾಟಿದ್ದರೆ ಸುಮಾರು 26 ತಿಂಗಳು ಕಾಯಬೇಕಿತ್ತು. ಭೂಮಿ ಮತ್ತು ಮಂಗಳ ಮತ್ತೆ ಅನುಕೂಲವಾದ ಜಾಗಕ್ಕೆ ಬರಲು ಅಷ್ಟು ಕಾಲ ಬೇಕು.

8. ಹೋಲ್ಡ್ ಅಂದಾಗ

ಎದ್ದು ಹೋಗಬೇಡಿ. ಗಗನಯಾನದ (ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಇಸ್ರೋ ಯೋಜನೆ) ಪರೀಕ್ಷಾ ರಾಕೆಟ್ ಹಾರಿದ 2023ರ ಅಕ್ಟೋಬರ್ 21ರ ಬೆಳಿಗ್ಗೆ ನೆನಪಿಟ್ಟುಕೊಳ್ಳಿ. 8 ಗಂಟೆಗೆ ಇದ್ದದ್ದು ಹವಾಮಾನದಿಂದ 8:30 ಆಯಿತು, ಆಮೇಲೆ 8:45 ಆಯಿತು. ಎಣಿಕೆ ಐದು ಸೆಕೆಂಡಿಗೆ ಬಂದಾಗ ಕಂಪ್ಯೂಟರ್ ನಿಲ್ಲಿಸಿತು. ಇವತ್ತು ಮುಗಿಯಿತು ಅಂತ ಹೊರಟವರು ಕೆಟ್ಟರು. ಕಾರಣ ಹುಡುಕಿ ಸರಿಮಾಡಿ ಅದೇ ದಿನ 10 ಗಂಟೆಗೆ ಹಾರಿಸಿದರು.

2019ರ ಜುಲೈ 15ರ ಬೆಳಗಿನ ಜಾವ ಬೇರೆ ರೀತಿ ಆಯಿತು. ಚಂದ್ರಯಾನ-2 ಬೆಳಗಿನ ಜಾವ 2:51ಕ್ಕೆ ಏಳಬೇಕಿತ್ತು. ನಾನು ಗ್ಯಾಲರಿಯಲ್ಲಿದ್ದೆ. ಗಡಿಯಾರ 56 ನಿಮಿಷ 24 ಸೆಕೆಂಡಿಗೆ ನಿಂತಿತು. ಮೊದಲು ಯಾರೂ ಗಮನಿಸಲೇ ಇಲ್ಲ. ನನ್ನ ಮುಂದಿನ ಸಾಲಿನಲ್ಲಿ ಅಪ್ಪನ ಹೆಗಲಿಗೆ ಒರಗಿ ಕೂತಿದ್ದ ಹುಡುಗಿ ಪ್ರತಿ ಸಂಖ್ಯೆಯನ್ನೂ ಜೋರಾಗಿ ಓದುತ್ತಿದ್ದಳು. ಅವಳ ಧ್ವನಿ ಇದ್ದಕ್ಕಿದ್ದಂತೆ ನಿಂತಿತು. "ಅಪ್ಪಾ, ಅದೇ ನಂಬರ್ ತೋರಿಸ್ತಾ ಇದೆ" ಅಂದಳು. ಆಮೇಲೆ ಸಾಲು ಸಾಲಾಗಿ ಜನ ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ತಾಂತ್ರಿಕ ತೊಂದರೆ, ಇವತ್ತು ಉಡಾವಣೆ ಇಲ್ಲ ಅಂತ ಹೇಳಿದರು. ಚಂದ್ರಯಾನ-2 ಹಾರಿದ್ದು ಜುಲೈ 22ರ ಮಧ್ಯಾಹ್ನ 2:43ಕ್ಕೆ. ನನ್ನ ಹತ್ತಿರ ರಜೆ ಉಳಿದಿರಲಿಲ್ಲ. ಹಾಸನದಲ್ಲಿ ಕೆಲಸದ ನಡುವೆ ಮೊಬೈಲಿನಲ್ಲಿ ನೋಡಿದೆ. ಆ ಬೇಸರ ನನಗೆ ಇವತ್ತಿಗೂ ಇದೆ. ಎರಡು ದಿನ ಹೆಚ್ಚು ರಜೆ ಇಟ್ಟುಕೊಳ್ಳಿ ಅಂದೆನಲ್ಲ, ಒಂದು ವಾರದ ತಡಕ್ಕೆ ಅದೂ ಸಾಲುತ್ತಿರಲಿಲ್ಲ, ನಿಜ. ಆದರೆ ಮರುದಿನಕ್ಕೆ ಹೋಗುವ ಉಡಾವಣೆಗಳಾದರೂ ಕೈತಪ್ಪುವುದಿಲ್ಲ.

ಹೋಲ್ಡ್ ಆದ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ: ಮಕ್ಕಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಬನ್ನಿ, ಎಲ್ಲರಿಗೂ ನೀರು ಕುಡಿಸಿ, ಮೊಬೈಲ್ ಚಾರ್ಜ್ ಉಳಿಸಿ. ಸಾವಿರಾರು ಜನ ಒಟ್ಟಿಗೆ ಫೋನ್ ತೆಗೆದಾಗ ನೆಟ್‌ವರ್ಕ್ ಬೀಳುತ್ತದೆ. ಕಾರು ನಿಲ್ಲಿಸಿದ ಜಾಗ, ಭೇಟಿಯಾಗುವ ಜಾಗ ಮೊದಲೇ ಮಾತಾಡಿಕೊಂಡಿರಿ.

9. ಬೇರೆ ದಿನಕ್ಕೆ ಹೋಯಿತು ಅಂದರೆ

ಎಷ್ಟು ದಿನ ಕಾಯುತ್ತೇವೆ ಅನ್ನುವುದನ್ನು ಹಾಸನ ಬಿಡುವ ಮುಂಚೆಯೇ ಮನೆಯವರೆಲ್ಲ ಕೂತು ತೀರ್ಮಾನ ಮಾಡಿಕೊಳ್ಳಿ. ಅಲ್ಲಿ ಹೋದ ಮೇಲೆ, ನಿದ್ದೆಗೆಟ್ಟು, ಮಕ್ಕಳು ಅಳುತ್ತಿರುವಾಗ ಮಾಡುವ ತೀರ್ಮಾನ ಸರಿಹೋಗುವುದಿಲ್ಲ. ನನ್ನ ಲೆಕ್ಕ ಹೀಗಿದೆ: ಹೊಸ ದಿನಾಂಕ ಎರಡು ದಿನದೊಳಗಿದ್ದರೆ ಅಲ್ಲೇ ಇರಿ. ದಿನಾಂಕವನ್ನೇ ಹೇಳಿಲ್ಲ, "ನಂತರ ತಿಳಿಸುತ್ತೇವೆ" ಅಂದರು ಅಂದರೆ ಮರುದಿನವೇ ಹೊರಡಿ. ಸೈಕ್ಲೋನ್ ಬರುತ್ತಿದೆ ಅಂದರೆ ಅವತ್ತೇ ಹೊರಡಿ. ರೈಲು ನಿಂತರೆ, ರಸ್ತೆಗೆ ನೀರು ಬಂದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಕಾಯುವ ದಿನ ರೂಮಿನಲ್ಲಿ ಕೂರಬೇಡಿ. ಚಳಿಗಾಲದಲ್ಲಿ ಪುಲಿಕಾಟ್‌ನ ತೆಳುನೀರಿನಲ್ಲಿ ಫ್ಲೆಮಿಂಗೊ ಹಕ್ಕಿಗಳು ಸಾವಿರಗಟ್ಟಲೆ ಇಳಿಯುತ್ತವೆ. ದೂರದಿಂದ ನೋಡಿದರೆ ನೀರಿನ ಮೇಲೆ ನಸುಗುಲಾಬಿ ಬಟ್ಟೆ ಹರಡಿದ ಹಾಗಿರುತ್ತದೆ. ಹತ್ತಿರದ ನೇಲಪಟ್ಟು ಪಕ್ಷಿಧಾಮದಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಸೂಳೂರುಪೇಟೆಯ ಚೆಂಗಾಳಮ್ಮ ದೇವಸ್ಥಾನಕ್ಕೂ ಹೋಗಿಬನ್ನಿ. ಉಡಾವಣೆಗೆ ಮುಂಚೆ ಇಸ್ರೋ ಅಧ್ಯಕ್ಷರು ಬಂದು ಪೂಜೆ ಮಾಡಿಸುವ ದೇವಸ್ಥಾನ ಅದು.

10. ಹಾರಿದಾಗ

ಮೊದಲ ಸಲ ನೋಡುವವರು ದಯವಿಟ್ಟು ವಿಡಿಯೊ ಮಾಡಬೇಡಿ. ಇಸ್ರೋದವರು ನಿಮಗಿಂತ ಚೆನ್ನಾಗಿ ತೆಗೆದಿರುತ್ತಾರೆ. ಕಣ್ಣಿಗೆ ಸಿಗುವುದು ಎರಡು ನಿಮಿಷ ಅಷ್ಟೇ. ಮೋಡವಿದ್ದರೆ ಅದಕ್ಕಿಂತ ಕಡಿಮೆ.

ಮೊದಲು ಬೆಳಕು ಬರುತ್ತದೆ. ಸದ್ದೇ ಇರುವುದಿಲ್ಲ. ಮರಗಳ ಹಿಂದಿನಿಂದ ಕಿತ್ತಳೆ ಬಣ್ಣದ ಬೆಳಕು ಹಬ್ಬಿ, ಅದರ ನಡುವಿನಿಂದ ರಾಕೆಟ್ ನಿಧಾನವಾಗಿ ಏಳುತ್ತದೆ. ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡ್ ಬೇಕು. ನಿಮ್ಮ ಹತ್ತಿರ ಬರುವ ಹೊತ್ತಿಗೆ ರಾಕೆಟ್ ಮರದ ತಲೆ ದಾಟಿರುತ್ತದೆ. ಅದು ಬರುವಾಗ ಕಿವಿಗಿಂತ ಮೊದಲು ಎದೆಗೆ ಗೊತ್ತಾಗುತ್ತದೆ. ಕೂತ ಮೆಟ್ಟಿಲೇ ಸಣ್ಣಗೆ ನಡುಗುತ್ತದೆ. ಚಿಕ್ಕ ಮಕ್ಕಳು ಹೆದರಬಹುದು. ಮೊದಲೇ ಹೇಳಿಟ್ಟಿರಿ, ಕಿವಿ ಮುಚ್ಚಿಕೊಳ್ಳಲು ಹೇಳಿಕೊಡಿ.

ಮೋಡ ತಗ್ಗಿದ್ದರೆ ರಾಕೆಟ್ ಬೇಗ ಮರೆಯಾಗುತ್ತದೆ. ಆಗ ಹೊರಟುಬಿಡಬೇಡಿ. ಮೋಡದ ಹೊಟ್ಟೆಯೊಳಗಿನಿಂದ ಬೆಳಕು ಸ್ವಲ್ಪ ಹೊತ್ತು ಕಾಣುತ್ತದೆ, ಗುಡುಗಿನಂಥ ಸದ್ದು ದೂರ ಹೋಗುತ್ತಾ ಕೇಳುತ್ತಿರುತ್ತದೆ. ಮೋಡವಿದ್ದ ದಿನ ನೋಡಿದವರಿಗೆ ಏನೂ ಸಿಗಲಿಲ್ಲ ಅಂತ ನಾನು ಒಪ್ಪುವುದಿಲ್ಲ.

11. ಹೋಗಲು ಆಗದವರಿಗೆ

ಹಾಸನದಿಂದಲೇ ಕಾಣುತ್ತದಾ ಅಂತ ಹಲವರು ಕೇಳುತ್ತಾರೆ. ನೇರ ಗೆರೆಯಲ್ಲಿ ಶ್ರೀಹರಿಕೋಟಾ ಇಲ್ಲಿಂದ ಸುಮಾರು 450 ಕಿಲೋಮೀಟರ್. ಭೂಮಿ ಗುಂಡಗಿರುವುದರಿಂದ ರಾಕೆಟ್ ಸುಮಾರು 16 ಕಿಲೋಮೀಟರ್ ಎತ್ತರಕ್ಕೆ ಹೋಗುವ ತನಕ ನಮ್ಮ ದಿಗಂತದ ಕೆಳಗೇ ಇರುತ್ತದೆ. ಆಮೇಲೂ ಪೂರ್ವದಲ್ಲಿ ತೀರಾ ಕೆಳಗೆ ಬರುತ್ತದೆ. ಹಗಲಿನಲ್ಲಿ ಆಸೆ ಬಿಡಿ. ಮೋಡವಿಲ್ಲದ ರಾತ್ರಿ, ಅಥವಾ ಮುಸ್ಸಂಜೆ, ಬೆಳಗಿನ ಜಾವದ ಉಡಾವಣೆಯಾದರೆ, ಪೂರ್ವಕ್ಕೆ ಮರ, ಕಟ್ಟಡ ಅಡ್ಡ ಇಲ್ಲದ ಜಾಗದಲ್ಲಿ ಪ್ರಯತ್ನಿಸಿ. ಎದ್ದ ಒಂದೆರಡು ನಿಮಿಷದ ನಂತರ ಚಲಿಸುವ ಚುಕ್ಕೆ ಕಂಡರೆ ಅದೃಷ್ಟ. ಇದಕ್ಕಾಗಿ ರಾತ್ರಿ ಮುಳ್ಳಯ್ಯನಗಿರಿಗೆ ಹೋಗುವ ಸಾಹಸ ಬೇಡ. ಇಸ್ರೋದ ಯೂಟ್ಯೂಬ್ ನೇರಪ್ರಸಾರ ಇದ್ದೇ ಇದೆ.

12. ವಾಪಸ್ ಬರುವಾಗ

ಮುಗಿದ ಕೂಡಲೇ ಎಲ್ಲರೂ ಒಂದೇ ರಸ್ತೆಗೆ ಇಳಿಯುತ್ತಾರೆ. ಒಂದು ಗಂಟೆ ತಡವಾಗಿ ಹೊರಡಿ. ರಾತ್ರಿ ನಿದ್ದೆ ಇಲ್ಲದೆ ಬೆಳಿಗ್ಗೆ ಉಡಾವಣೆ ನೋಡಿದವರು ಅವತ್ತೇ 500 ಕಿಲೋಮೀಟರ್ ಕಾರು ಓಡಿಸಬೇಡಿ, ತಿರುಪತಿಯಲ್ಲಿ ಮಲಗಿ ಹೊರಡಿ.

ನೀವು ನೋಡಿದ್ದು ಜಿಎಸ್‌ಎಲ್‌ವಿ ಅಥವಾ ಎಲ್‌ವಿಎಂ3 ರಾಕೆಟ್ ಹೊತ್ತ ಸಂಪರ್ಕ ಉಪಗ್ರಹವಾದರೆ, ರಾಕೆಟ್ ಅದನ್ನು ಬಿಟ್ಟಿರುವುದು ಮಧ್ಯದ ದಾರಿಯಲ್ಲಿ. ಅಲ್ಲಿಂದ 36,000 ಕಿಲೋಮೀಟರ್ ಎತ್ತರದ ಕೊನೆಯ ಜಾಗಕ್ಕೆ ಉಪಗ್ರಹದ ಎಂಜಿನ್ನನ್ನು ಹಂತಹಂತವಾಗಿ ಹೊತ್ತಿಸಿ ಏರಿಸಬೇಕು. ಆ ಆಜ್ಞೆ ಹೋಗುವುದು ಎಂಸಿಎಫ್‌ನಿಂದ. ನೀವು ಬಸ್ಸಿಳಿದು ಮನೆಗೆ ಬಂದು ಬಟ್ಟೆ ಒಗೆಯಲು ಹಾಕುವ ಹೊತ್ತಿಗೆ ಸಾಲಗಾಮೆ ರಸ್ತೆಯಲ್ಲಿ ಆ ಕೆಲಸ ಇನ್ನೂ ನಡೆಯುತ್ತಿರುತ್ತದೆ. ಎಷ್ಟು ಏರಿತು ಅಂತ ಇಸ್ರೋ ಪ್ರಕಟಿಸುತ್ತದೆ, ಮಕ್ಕಳಿಗೆ ಓದಿ ಹೇಳಿ.